ಬೆಂಕಿಯ ಮುಂದೆ ನಿಂತವರ ಮೂಲ ವೇತನ

ದೊಡ್ಡ ಬೆಂಕಿ ಅವಘಡವೊಂದು ಆದ ಮರುದಿನ ನಮ್ಮಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ ಜಾಡು ಹಿಡಿಯುತ್ತದೆ. ಕಟ್ಟಡಕ್ಕೆ ಎನ್‌ಒಸಿ ಇತ್ತೇ, ತುರ್ತು ಬಾಗಿಲಿಗೆ ಬೀಗ ಜಡಿದಿದ್ದರೇ, ವಾಹನ ಬರಲು ಎಷ್ಟು ಹೊತ್ತು ಹಿಡಿಯಿತು, ಏಣಿ ಎಷ್ಟನೇ ಮಹಡಿವರೆಗೆ ಮುಟ್ಟಿತು. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗಲೂ ಇವೇ ಪ್ರಶ್ನೆಗಳೆದ್ದವು. ಕೇಳಲೇಬೇಕಾದ ಪ್ರಶ್ನೆಗಳು. 2023ರಲ್ಲಿ ಬೆಂಗಳೂರಿಗೆ 90 ಮೀಟರ್ ಏಣಿ ವಾಹನ ಬಂತು. ಅದೇ ವರ್ಷ ಜುಲೈನಲ್ಲಿ, 15ನೇ ಹಣಕಾಸು ಆಯೋಗದ ಶಿಫಾರಸಿನಂತೆ, ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದು ಕೇಂದ್ರ ₹5,000 ಕೋಟಿಯ ಯೋಜನೆ ಆರಂಭಿಸಿತು. ಏಣಿಯೂ ಬೇಕು, ವಾಹನವೂ ಬೇಕು. ಆದರೆ ಆ ಏಣಿಯ ತುದಿಯಲ್ಲಿ ಬ್ರಾಂಚ್ (ಹೋಸ್‌ನ ನೀರು ಚಿಮ್ಮುವ ತುದಿ) ಹಿಡಿದು ನಿಲ್ಲುವವನ ಸಂಬಳವೆಷ್ಟು, ಐವತ್ತು ದಾಟಿದ ಮೇಲೆ ಅವನ ಪಾಡೇನು, ಅರವತ್ತಕ್ಕೆ ಮನೆಗೆ ಹೋಗುವಾಗ ಕೈಗೆ ಸಿಗುವುದೇನು ಎಂಬ ಮಾತು ಆ ಚರ್ಚೆಯೊಳಗೆ ಬರುವುದು ತೀರಾ ಅಪರೂಪ.

ಇದಕ್ಕೆ ಒಂದು ಕಾರಣ ವ್ಯವಸ್ಥೆಯಲ್ಲೇ ಇದೆ. ಅಗ್ನಿಶಾಮಕ ಸೇವೆ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ ಕೆಲಸಗಳ ಸಾಲಿನಲ್ಲಿದೆ. ಮುಂಬೈಯಲ್ಲಿ ಅದು ಪಾಲಿಕೆಯ ಕೈಯಲ್ಲಿದ್ದರೆ, ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆಯಡಿ ರಾಜ್ಯದ ಇಲಾಖೆ, ಗೃಹ ಖಾತೆಯ ಕೆಳಗೆ. ಹಾಗಾಗಿ ದೇಶಕ್ಕೆಲ್ಲ ಒಂದೇ ವೇತನ ಶ್ರೇಣಿ ಇಲ್ಲ. ವಾಹನಕ್ಕೆ, ಕಟ್ಟಡಕ್ಕೆ, ತರಬೇತಿಗೆ ಕೇಂದ್ರದಿಂದ ಅನುದಾನ ಬರಬಹುದು. ಸಂಬಳ ಮತ್ತು ಪಿಂಚಣಿ ರಾಜ್ಯದ ಬೊಕ್ಕಸದ ಖರ್ಚು, ಅದೂ ಪ್ರತಿ ತಿಂಗಳು ಬರುವ ಖರ್ಚು. ವಾಹನಕ್ಕೆ ಒಮ್ಮೆ ಹಸಿರು ನಿಶಾನೆ ತೋರಿಸಿದರೆ ಮುಗಿಯಿತು. ಪಿಂಚಣಿಗೆ ಮೂವತ್ತು ವರ್ಷದ ಮಾತು ಕೊಡಬೇಕು.

ಪ್ರತಿ ಏಪ್ರಿಲ್ 14ರಂದು ದೇಶದ ಎಲ್ಲ ಠಾಣೆಗಳಲ್ಲಿ ಮೌನ ಆಚರಿಸುತ್ತಾರೆ. 1944ರ ಆ ಮಧ್ಯಾಹ್ನ ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಎಸ್‌ಎಸ್ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಹತ್ತಿಯ ಬೇಲುಗಳೂ ಇದ್ದವು, ಸುಮಾರು 1,400 ಟನ್ ಸ್ಫೋಟಕವೂ ಇತ್ತು. ಒಳಗೆ ಹೊಗೆ ಕಂಡು ಅಗ್ನಿಶಾಮಕರು ಬಂದರು, ನೀರು ಹಾಯಿಸಿದರು. ಹತ್ತಿಯ ಬೇಲು ಒಳಗೊಳಗೇ ಕುದಿಯುವ ವಸ್ತು; ಮೇಲಿಂದ ಎಷ್ಟು ನೀರು ಸುರಿದರೂ ಬೆಂಕಿಯ ಬುಡ ಎಲ್ಲಿದೆಯೋ ಅಲ್ಲಿಗೆ ಮುಟ್ಟುವುದಿಲ್ಲ, ಬಿಸಿ ಪಕ್ಕದ ಸರಕಿಗೆ ದಾಟುತ್ತಲೇ ಇರುತ್ತದೆ. ಅವರು ಡೆಕ್ ಮೇಲೆ, ಧಕ್ಕೆಯ ಮೇಲೆ ಹೋಸ್ ಹಿಡಿದು ನಿಂತೇ ಇದ್ದರು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅಗ್ನಿಶಾಮಕ ದಳದ 66 ಮಂದಿ ಹೋದರು. ಅವರನ್ನು ನೆನೆಯಲು ಇಟ್ಟ ದಿನವೇ ಇಂದಿನ ಅಗ್ನಿಶಾಮಕ ಸೇವಾ ದಿನ. ಆ ಗೌರವದಲ್ಲಿ ಎಳ್ಳಷ್ಟೂ ಕಡಿಮೆ ಮಾಡಬೇಕಿಲ್ಲ. ಆದರೆ ನಮ್ಮ ಬಹುಪಾಲು ಅಗ್ನಿಶಾಮಕರು ಸ್ಫೋಟದಲ್ಲಿ ಸಾಯುವವರಲ್ಲ. ಅವರು ಮೂವತ್ತು–ಮೂವತ್ತೈದು ವರ್ಷ ಹೊಗೆ ಕುಡಿದು, ಮಂಡಿ ಸವೆಸಿ, ಸೊಂಟ ಹಿಡಿಸಿಕೊಂಡು ನಿವೃತ್ತರಾಗುವವರು. ಹುತಾತ್ಮರಿಗೆ ಸ್ಮಾರಕ ಕಟ್ಟುವುದು ನಮಗೆ ಗೊತ್ತಿದೆ. ಸವೆದು ಹೋದವರಿಗೆ ಕೊಡಬೇಕಾದದ್ದು ಪಿಂಚಣಿ, ಅದನ್ನು ಲೆಕ್ಕ ಹಾಕುವ ರೀತಿಯಲ್ಲೇ ನಾವು ಎಡವಿದ್ದೇವೆ.

ಸಂಬಳದ ಚೀಟಿಯ ಮೊದಲ ಸಾಲು

ಸರ್ಕಾರಿ ನೌಕರಿಯಲ್ಲಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ: ಚೀಟಿಯಲ್ಲಿ ಹತ್ತು ಸಾಲಿದ್ದರೂ ದೊರೆ ಮೊದಲ ಸಾಲು, ಮೂಲ ವೇತನ. ತುಟ್ಟಿಭತ್ಯೆ ಅದರ ಮೇಲೆ ಶೇಕಡಾವಾರು, ಮನೆ ಬಾಡಿಗೆ ಭತ್ಯೆ ಅದರ ಮೇಲೆ ಶೇಕಡಾವಾರು, ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ವಂತಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ. ಉಪದಾನ (ಗ್ರಾಚ್ಯುಟಿ), ಗಳಿಕೆ ರಜೆ ನಗದೀಕರಣ, ಹಳೆ ಪಿಂಚಣಿ ಎಲ್ಲದಕ್ಕೂ ಬೇರು ಅದೇ. ವೇತನ ಆಯೋಗ ಬಂದಾಗ ಗುಣಿಸುವುದೂ ಅದನ್ನೇ. ಏಳನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ ₹17,000ದಿಂದ ₹27,000ಕ್ಕೆ ಏರಿದ್ದು ಹೀಗೆ: 17,000ಕ್ಕೆ ಶೇ 31 ತುಟ್ಟಿಭತ್ಯೆ ವಿಲೀನವಾಗಿ 5,270, ಶೇ 27.5 ಫಿಟ್‌ಮೆಂಟ್ (ಪರಿಷ್ಕರಣೆಯ ಹೆಚ್ಚಳ) ಎಂದು 4,675, ಒಟ್ಟು 26,945, ಅದನ್ನು 27,000ಕ್ಕೆ ಸರಿಮಾಡಿದ್ದು. ಈ ಗುಣಾಕಾರದ ಲಾಭ ಮೂಲ ವೇತನಕ್ಕೆ ತಾನಾಗಿಯೇ ಸಿಗುತ್ತದೆ. ಇಂತಿಷ್ಟು ರೂಪಾಯಿ ಎಂದು ನಿಗದಿಯಾದ ಭತ್ಯೆಗೆ ಪ್ರತ್ಯೇಕ ಆದೇಶ ಹೊರಡಬೇಕು.

ಅಪಾಯದ ಕೆಲಸ ಮಾಡುವವರಿಗೆ ಏನಾದರೂ ಹೆಚ್ಚು ಕೊಡಬೇಕು ಎಂಬ ಬೇಡಿಕೆ ಬಂದಾಗಲೆಲ್ಲ ಸರ್ಕಾರಗಳಿಗೆ ಸುಲಭವಾಗಿ ಹೊಳೆಯುವ ದಾರಿ ಭತ್ಯೆ. ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಘೋಷಿಸಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಖಜಾನೆಗೆ ಭಾರವೂ ಕಡಿಮೆ. ಕಡಿಮೆ ಏಕೆಂದರೆ ಆ ಭತ್ಯೆಗೆ ತುಟ್ಟಿಭತ್ಯೆ ಇಲ್ಲ, ಪಿಂಚಣಿ ಇಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಇಂದಿನ ₹1,000 ಭತ್ಯೆಗೆ ಹತ್ತು ವರ್ಷದ ಬಳಿಕ ಇರುವ ಬೆಲೆ ₹614. ನಿವೃತ್ತಿಯ ಮರುದಿನ ಸೊನ್ನೆ.

ಲೆಕ್ಕ ಹಾಕಿ ನೋಡೋಣ. ಅಪಾಯಕ್ಕೆಂದು ₹3,000 ಕೊಡಲು ಸರ್ಕಾರ ಒಪ್ಪಿತು ಎಂದುಕೊಳ್ಳಿ. ಭತ್ಯೆಯಾಗಿ ಕೊಟ್ಟರೆ ₹3,000, ಅಷ್ಟೇ. ಅದನ್ನೇ ಮೂಲ ವೇತನದಲ್ಲಿ ಇಟ್ಟರೆ, ತುಟ್ಟಿಭತ್ಯೆ ಶೇ 10 ಇದ್ದಾಗ ₹300, ಬೆಂಗಳೂರಿನ ಶೇ 20 ಮನೆ ಬಾಡಿಗೆ ಭತ್ಯೆಯಿಂದ ₹600, ಒಟ್ಟು ₹3,900. ಇದಲ್ಲದೆ ಎನ್‌ಪಿಎಸ್ ಖಾತೆಗೆ ಸರ್ಕಾರದ ಪಾಲು ಶೇ 14ರಂತೆ ₹462. ಹಳೆ ಪಿಂಚಣಿಯವರಾದರೆ ಪೂರ್ಣ ಪಿಂಚಣಿಯಲ್ಲಿ ₹1,500 ಹೆಚ್ಚು, ಅದರ ಮೇಲೂ ತುಟ್ಟಿಭತ್ಯೆ, ಬದುಕಿರುವವರೆಗೆ. ಹಾಗಾಗಿ ಅಗ್ನಿಶಾಮಕರ ಸಂಘಟನೆಗಳು, ಅವರ ಪರ ಮಾತಾಡುವ ಶಾಸಕರು, ಅಧಿಕಾರಿಗಳು ಎಲ್ಲರೂ ಪಟ್ಟು ಹಿಡಿಯಬೇಕಾದದ್ದು ಇಷ್ಟೇ: ಅಪಾಯದ ಬೆಲೆಯನ್ನು ಭತ್ಯೆಯ ಸಾಲಿನಲ್ಲಿ ಇಡಬೇಡಿ, ಪಿಂಚಣಿಗೆ ಲೆಕ್ಕವಾಗುವ ಸಾಲಿನಲ್ಲಿ ಇಡಿ.

ಹಾಗೆ ಮಾಡಿದರೆ ಬೇರೆ ಇಲಾಖೆಗಳ ಸಮಾನ ಶ್ರೇಣಿಯವರೆಲ್ಲ ಕೇಳುತ್ತಾರೆ ಎಂಬ ಆಕ್ಷೇಪ ಹಣಕಾಸು ಇಲಾಖೆಯಿಂದ ಬಂದೇ ಬರುತ್ತದೆ. ಇದಕ್ಕೆ ದಾರಿ ಈಗಾಗಲೇ ಇದೆ. ಸೇನೆಯವರಿಗೆ ಆರನೇ ಕೇಂದ್ರ ವೇತನ ಆಯೋಗದಿಂದ ‘ಮಿಲಿಟರಿ ಸರ್ವಿಸ್ ಪೇ’ ಎಂಬ ಪ್ರತ್ಯೇಕ ಸಾಲು ಬಂತು. ಏಳನೇ ಆಯೋಗದಲ್ಲಿ ಅದು ಅಧಿಕಾರಿಗಳಿಗೆ ₹15,500, ಜೆಸಿಒ (ಕಿರಿಯ ಕಮಿಷನ್ಡ್ ಅಧಿಕಾರಿ) ಮತ್ತು ಜವಾನರಿಗೆ ₹5,200. ಅದು ವೇತನ ಶ್ರೇಣಿಯನ್ನು ಕದಲಿಸುವುದಿಲ್ಲ, ಆದರೆ ತುಟ್ಟಿಭತ್ಯೆಗೂ ಪಿಂಚಣಿಗೂ ಲೆಕ್ಕಕ್ಕೆ ಬರುತ್ತದೆ. ಕೇಂದ್ರದ ವೈದ್ಯರಿಗೆ ಖಾಸಗಿ ವೃತ್ತಿ ಮಾಡದಿರುವುದಕ್ಕೆ ಕೊಡುವ ಎನ್‌ಪಿಎ ಕೂಡ ಪಿಂಚಣಿಗೆ ಸೇರುತ್ತದೆ. ಅಗ್ನಿಶಾಮಕ ಸೇವಾ ವೇತನ ಎಂದು ಇದೇ ಮಾದರಿಯಲ್ಲಿ ಒಂದು ಸಾಲು ಸೃಷ್ಟಿಸಲು ಹೊಸ ಸಿದ್ಧಾಂತವೇನೂ ಬೇಕಿಲ್ಲ. ಕರೆಗೆ ಹೋಗುವ ಹುದ್ದೆಗಳಿಗೆ ಮಾತ್ರ, ಅಂದರೆ ಅಗ್ನಿಶಾಮಕ, ಪ್ರಮುಖ ಅಗ್ನಿಶಾಮಕ, ಚಾಲಕ, ಠಾಣಾಧಿಕಾರಿ ಇಷ್ಟಕ್ಕೇ ಅದನ್ನು ಮಿತಿಗೊಳಿಸಿದರೆ ಕಚೇರಿ ಹುದ್ದೆಯವರ ಪ್ರಶ್ನೆಯೂ ಏಳುವುದಿಲ್ಲ.

ಬಡ್ತಿಯ ವಿಷಯ ಇಲ್ಲಿ ಚಿಕ್ಕದಾಗಿ ಹೇಳಿ ಬಿಡುತ್ತೇನೆ. ಕೆಳಗಿನ ಹುದ್ದೆಗಳು ಹೆಚ್ಚು, ಮೇಲಿನವು ಬೆರಳೆಣಿಕೆಯಷ್ಟು. 10 ವರ್ಷಕ್ಕೆ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ ಇವು ನಿಯಮದಂತೆ ಸಿಗುತ್ತವೆ, ಸಂಬಳ ಒಂದು ಮೆಟ್ಟಿಲು ಏರುತ್ತದೆ. ಕೆಲಸ ಮಾತ್ರ ಬದಲಾಗುವುದಿಲ್ಲ, ಅದೇ ಹೋಸ್, ಅದೇ ಮೆಟ್ಟಿಲು, ವಯಸ್ಸು ಹದಿನೈದು ವರ್ಷ ಹೆಚ್ಚು.

ನೆಲಮಾಳಿಗೆಯಲ್ಲಿ ಇಪ್ಪತ್ತನಾಲ್ಕು ನಿಮಿಷ

ಕೆಲಸ ಅಂದರೆ ಏನು ಎಂದು ಹತ್ತಿರದಿಂದ ನೋಡದೆ ಪಿಂಚಣಿಯ ವಯಸ್ಸಿನ ಮಾತಾಡುವುದು ಕಷ್ಟ. ಒಂದು ನೆಲಮಾಳಿಗೆ ಬೆಂಕಿಯನ್ನು ತೆಗೆದುಕೊಳ್ಳಿ, ಗೋದಾಮು ಮಾಡಿಕೊಂಡ ಪಾರ್ಕಿಂಗ್ ಜಾಗ, ರಟ್ಟಿನ ಡಬ್ಬಿ, ಫೋಮ್ ಹಾಸಿಗೆ, ಪ್ಲಾಸ್ಟಿಕ್. 4,500 ಲೀಟರಿನ ವಾಟರ್ ಟೆಂಡರ್ ಬಂದು ನಿಲ್ಲುತ್ತದೆ. ನಿಮಿಷಕ್ಕೆ 450 ಲೀಟರ್ ಬಿಡುವ ಒಂದು ಲೈನ್ ಹಾಕಿದರೆ ಟ್ಯಾಂಕ್ ಹತ್ತು ನಿಮಿಷಕ್ಕೆ ಖಾಲಿ, ಎರಡು ಲೈನ್ ಹಾಕಿದರೆ ಐದೇ ನಿಮಿಷ. ಅಷ್ಟರೊಳಗೆ ಎರಡನೇ ವಾಹನ ಬರಬೇಕು, ಇಲ್ಲವೇ ಸಂಪು, ಬೋರ್‌ವೆಲ್, ಹೈಡ್ರಂಟ್ ಏನಾದರೂ ಸಿಗಬೇಕು. ಒಳಗೆ ಹೋಗುವ ಇಬ್ಬರು ಬಿಎ ಸೆಟ್, ಅಂದರೆ ಬೆನ್ನಿಗೆ ಕಟ್ಟುವ ಉಸಿರಾಟದ ಸಾಧನ, ಹಾಕಿಕೊಳ್ಳುತ್ತಾರೆ. 6 ಲೀಟರ್ ಸಿಲಿಂಡರ್, 300 ಬಾರ್ ಒತ್ತಡ, ಲೆಕ್ಕಕ್ಕೆ 1,800 ಲೀಟರ್ ಗಾಳಿ. ಆರಾಮಾಗಿ ನಡೆಯುವವನಿಗೆ ಅದು ಮುಕ್ಕಾಲು ಗಂಟೆ. ಹೋಸ್ ಎಳೆಯುತ್ತ ಮಂಡಿಯೂರಿ ಸಾಗುವವನು ನಿಮಿಷಕ್ಕೆ 60 ಲೀಟರ್ ಎಳೆದುಕೊಳ್ಳುತ್ತಾನೆ. ಸುಮಾರು 55 ಬಾರ್‌ಗೆ ಎಚ್ಚರಿಕೆಯ ಸೀಟಿ ಊದುವಾಗ ಸಿಲಿಂಡರಿನಲ್ಲಿ ಉಳಿದಿರುವುದು 330 ಲೀಟರ್. ಅಂದರೆ ಒಳಹೋದದ್ದರಿಂದ ಸೀಟಿಯವರೆಗೆ ಅವನ ಕೈಯಲ್ಲಿರುವ ಹೊತ್ತು ಸುಮಾರು ಇಪ್ಪತ್ತನಾಲ್ಕು ನಿಮಿಷ, ಅದರಲ್ಲೇ ಹೋಗಬೇಕು, ಹುಡುಕಬೇಕು, ಮರಳುವ ದಾರಿ ಹಿಡಿಯಬೇಕು.

63 ಮಿಲಿಮೀಟರ್ ವ್ಯಾಸದ, 15 ಮೀಟರ್ ಉದ್ದದ ಒಂದು ಹೋಸ್ ತುಂಬಿದಾಗ ಅದರೊಳಗಿನ ನೀರೇ 47 ಕಿಲೋ. ಎರಡು ಉದ್ದ ಜೋಡಿಸಿ ಇಳಿಜಾರಿನಲ್ಲಿ ತಿರುವು ದಾಟಿಸುವಾಗ ಎಳೆಯುವವನ ಸೊಂಟಕ್ಕೆ ಎಷ್ಟು ಬೀಳುತ್ತದೆ ಎಂದು ಊಹಿಸಿಕೊಳ್ಳಿ. ಮೈಮೇಲೆ ಬಿಎ ಸೆಟ್, ಕೋಟು, ಹೆಲ್ಮೆಟ್, ಬೂಟು ಸೇರಿ ಇಪ್ಪತ್ತು ಕಿಲೋಗೂ ಮೇಲೆ. ಬೆವರು ಆರಲು ಕೋಟು ಬಿಡುವುದಿಲ್ಲ, ಮೈಯ ಬಿಸಿ ಏರುತ್ತಲೇ ಇರುತ್ತದೆ. ಎದೆಬಡಿತ ಅವನ ವಯಸ್ಸಿಗೆ ಸಾಧ್ಯವಿರುವ ಗರಿಷ್ಠದ ಹತ್ತಿರಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಕರ್ತವ್ಯದ ವೇಳೆ ಸಾಯುವ ಅಗ್ನಿಶಾಮಕರಲ್ಲಿ ದೊಡ್ಡ ಪಾಲು ಹೃದಯದ ಆಘಾತದಿಂದ ಸಾಯುತ್ತಾರೆ, ಸುಟ್ಟಗಾಯದಿಂದಲ್ಲ.

ಈ ಕೆಲಸಕ್ಕೆ ಬೇಕಾದ ದೇಹಶಕ್ತಿಗೆ ಅಲ್ಲಿ ಬಳಸುವ ಅಳತೆ 12 ಮೆಟ್, ಎಂದರೆ ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 42 ಮಿಲಿಲೀಟರ್ ಆಮ್ಲಜನಕ ಬಳಸುವ ಸಾಮರ್ಥ್ಯ. ಸಾಮಾನ್ಯವಾಗಿ ಮೂವತ್ತರ ನಂತರ ಈ ಸಾಮರ್ಥ್ಯ ದಶಕಕ್ಕೆ ಸುಮಾರು ಶೇ 10ರಂತೆ ಇಳಿಯುತ್ತದೆ. ಇಪ್ಪತ್ತೈದಕ್ಕೆ 45 ಇದ್ದವನು ಅದೇ ಪ್ರಮಾಣದಲ್ಲಿ ಇಳಿದರೆ ಐವತ್ತೈದಕ್ಕೆ 34ರ ಆಸುಪಾಸು. ನಿತ್ಯ ಕಸರತ್ತು ಇದ್ದರೆ ಇಳಿಕೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನಮ್ಮ ನಿಯಮದಲ್ಲಿ ಐವತ್ತೊಂಬತ್ತು ವರ್ಷದ ಅಗ್ನಿಶಾಮಕನೂ, ಐವತ್ತೊಂಬತ್ತು ವರ್ಷದ ಪ್ರಥಮ ದರ್ಜೆ ಸಹಾಯಕನೂ ನಿವೃತ್ತಿಯ ಕಣ್ಣಿಗೆ ಒಂದೇ. ವಾಸ್ತವದಲ್ಲಿ ಠಾಣೆಯ ಒಳಗಿನವರು ತಾವೇ ಒಂದು ಹೊಂದಾಣಿಕೆ ಮಾಡಿಕೊಳ್ಳುತ್ತಾರೆ: ಹಿರಿಯರು ಪಂಪ್ ಹತ್ತಿರ, ವೈರ್‌ಲೆಸ್ ಹತ್ತಿರ, ಹುಡುಗರು ಒಳಗೆ. ಹುಡುಗರು ಸಾಕಷ್ಟಿದ್ದರೆ ಇದು ನಡೆಯುತ್ತದೆ. ಹುದ್ದೆಗಳು ಖಾಲಿ ಬಿದ್ದಿರುವ ಠಾಣೆಯಲ್ಲಿ ಐವತ್ತೇಳರವರೂ ಸಿಲಿಂಡರ್ ಏರಿಸಿಕೊಳ್ಳುತ್ತಾರೆ.

ಒಂದೇ ವಾಹನ, ಎರಡು ಪಿಂಚಣಿ

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇವೆಗೆ ಬಂದವರು ಎನ್‌ಪಿಎಸ್‌ಗೆ ಸೇರುತ್ತಾರೆ. ಆ ದಿನಾಂಕಕ್ಕೆ ಮುಂಚೆಯೇ ನೇಮಕಾತಿ ಅಧಿಸೂಚನೆ ಹೊರಟಿದ್ದು, ಆಮೇಲೆ ಕೆಲಸಕ್ಕೆ ಹಾಜರಾದವರಿಗೆ 2024ರ ಜನವರಿಯಲ್ಲಿ ಹಳೆ ಪಿಂಚಣಿಗೆ ಮರಳಲು ದಾರಿ ಮಾಡಿಕೊಟ್ಟರು. ಉಳಿದವರಿಗೆ ಎನ್‌ಪಿಎಸ್ಸೇ ಗತಿ. ಹಾಗಾಗಿ ಇಂದು ಒಂದೇ ವಾಹನದಲ್ಲಿ ಕುಳಿತು ಒಂದೇ ಕರೆಗೆ ಹೊರಟ ಇಬ್ಬರಲ್ಲಿ ಒಬ್ಬರಿಗೆ ಕೊನೆಯ ಮೂಲ ವೇತನದ ಅರ್ಧ ಮತ್ತು ಅದರ ಮೇಲೆ ತುಟ್ಟಿಭತ್ಯೆ ಖಾತ್ರಿ, ಇನ್ನೊಬ್ಬರಿಗೆ ಮಾರುಕಟ್ಟೆಯಲ್ಲಿ ಬೆಳೆದಷ್ಟು ಗಂಟು.

ಅರವತ್ತರವರೆಗೆ ಸೇವೆ ಮುಗಿಸಿದವರು ಎನ್‌ಪಿಎಸ್ ಗಂಟಿನ ಶೇ 60ರಷ್ಟನ್ನು ನಗದಾಗಿ ಪಡೆಯಬಹುದು, ಕನಿಷ್ಠ ಶೇ 40ರಲ್ಲಿ ವರ್ಷಾಶನ (ವಿಮಾ ಕಂಪನಿ ತಿಂಗಳು ತಿಂಗಳು ಕೊಡುವ ಪಿಂಚಣಿ) ಕೊಳ್ಳಬೇಕು. ಅದಕ್ಕೆ ಮುಂಚೆ ಸ್ವಯಂ ನಿವೃತ್ತಿ ತೆಗೆದುಕೊಂಡರೆ ಈ ಲೆಕ್ಕ ತಿರುಗುಮುರುಗು: ಶೇ 80 ವರ್ಷಾಶನಕ್ಕೆ, ಕೈಗೆ ಶೇ 20 ಮಾತ್ರ. ಅಗ್ನಿಶಾಮಕನ ದೃಷ್ಟಿಯಿಂದ ಇದಕ್ಕಿಂತ ಪ್ರತಿಕೂಲವಾದ ನಿಯಮ ಕಾಣೆ. ಒಂದು ಅಂದಾಜು ಲೆಕ್ಕ ಮಾಡೋಣ. ಇಪ್ಪತ್ತೈದಕ್ಕೆ ಸೇರಿದವನ ಸಂಬಳ ವರ್ಷಕ್ಕೆ ಶೇ 6 ಏರುತ್ತದೆ, ಗಂಟು ಶೇ 9ರಂತೆ ಬೆಳೆಯುತ್ತದೆ, ನೌಕರನ ಶೇ 10 ಮತ್ತು ಸರ್ಕಾರದ ಶೇ 14 ಸೇರಿ ಶೇ 24 ತಪ್ಪದೆ ಜಮೆಯಾಗುತ್ತದೆ ಎಂದುಕೊಳ್ಳಿ. ಅರವತ್ತಕ್ಕೆ ಅವನ ಗಂಟು ಆಗಿನ ಸಂಬಳದ 13 ವರ್ಷದಷ್ಟಿರುತ್ತದೆ. ಐವತ್ತಕ್ಕೇ ಹೊರಟರೆ ಆಗಿನ ಸಂಬಳದ 8 ವರ್ಷದಷ್ಟು. ರೂಪಾಯಿ ಲೆಕ್ಕದಲ್ಲಿ ಅರವತ್ತರ ಗಂಟಿನ ಮೂರನೇ ಒಂದು ಪಾಲು. ಕೊನೆಯ ಹತ್ತು ವರ್ಷದ ವಂತಿಗೆ ಮತ್ತು ಚಕ್ರಬಡ್ಡಿ ಸೇರಿಯೇ ಉಳಿದ ಎರಡು ಪಾಲು. ಐವತ್ತಕ್ಕೆ ಹೊರಟವನಿಗೆ ನಗದು ಒಂದೂವರೆ ವರ್ಷದ ಸಂಬಳಕ್ಕೆ ಸ್ವಲ್ಪ ಮೇಲೆ. ವರ್ಷಾಶನದ ದರ ಶೇ 6.5 ಸಿಕ್ಕರೆ ತಿಂಗಳಿಗೆ ಕೊನೆಯ ಸಂಬಳದ ಶೇ 42. ಕೇಳಲು ಪರವಾಗಿಲ್ಲ ಅನಿಸುತ್ತದೆ. ಆದರೆ ಸಾಮಾನ್ಯ ವರ್ಷಾಶನಕ್ಕೆ ತುಟ್ಟಿಭತ್ಯೆ ಇಲ್ಲ. ಬೆಲೆ ಶೇ 5ರಂತೆ ಏರಿದರೆ ಎಪ್ಪತ್ತರ ವಯಸ್ಸಿಗೆ ಆ 42ರ ಬೆಲೆ 16. ಮಂಡಿ ಕೈಕೊಟ್ಟವನೂ ಹತ್ತು ವರ್ಷ ಹಲ್ಲುಕಚ್ಚಿ ಠಾಣೆಯಲ್ಲೇ ಉಳಿಯುವುದು ಈ ಲೆಕ್ಕ ಗೊತ್ತಿದ್ದರಿಂದಲೇ.

ಕೇಂದ್ರ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ, ಯುಪಿಎಸ್, ಬಂತು. 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, ಕುಟುಂಬಕ್ಕೆ ಅದರ ಶೇ 60, ಬೆಲೆ ಏರಿಕೆಗೆ ತಕ್ಕ ಪರಿಹಾರ, 10 ವರ್ಷ ಸೇವೆಗೆ ಕನಿಷ್ಠ ₹10,000. ರಾಜ್ಯಗಳೂ ಇದನ್ನು ಒಪ್ಪಿಕೊಳ್ಳಬಹುದು. ಅಗ್ನಿಶಾಮಕರ ಪರವಾಗಿ ಇದನ್ನು ಓದುವವರು ಒಂದು ಷರತ್ತಿನ ಮೇಲೆ ಬೆರಳಿಡಬೇಕು: ಅವಧಿಗೆ ಮುಂಚೆ ಸ್ವಯಂ ನಿವೃತ್ತಿಯಾದವರಿಗೆ ಖಾತ್ರಿ ಪಿಂಚಣಿ ಶುರುವಾಗುವುದು ಅವರು ಸಹಜವಾಗಿ ನಿವೃತ್ತರಾಗಬೇಕಿದ್ದ ದಿನಾಂಕದಿಂದ. ಐವತ್ತೆರಡಕ್ಕೆ ಹೊರಬಂದವನು ಎಂಟು ವರ್ಷ ಬರಿಗೈಯಲ್ಲಿ ಕಾಯಬೇಕು. ರಾಜ್ಯ ಯಾವ ಯೋಜನೆ ಆರಿಸಿಕೊಂಡರೂ ಕರೆಗೆ ಹೋಗುವ ಸಿಬ್ಬಂದಿಗೆ ಈ ಷರತ್ತನ್ನು ತೆಗೆಯದಿದ್ದರೆ ಅರ್ಧ ಪಿಂಚಣಿಯ ಖಾತ್ರಿ ಅವರ ಪಾಲಿಗೆ ಅರವತ್ತರ ನಂತರದ ಖಾತ್ರಿಯಾಗಿಯೇ ಉಳಿಯುತ್ತದೆ.

ಅಮೆರಿಕದಿಂದ ಕಲಿಯಬೇಕಾದದ್ದು, ಬಿಡಬೇಕಾದದ್ದು

ಅಮೆರಿಕದ ಫೆಡರಲ್ ಸರ್ಕಾರದ ಅಗ್ನಿಶಾಮಕರ ನಿಯಮ ಈ ವಿಷಯದಲ್ಲಿ ನೇರವಾಗಿದೆ. 20 ವರ್ಷ ಸೇವೆಯಾಗಿ 50 ತುಂಬಿದರೆ, ಅಥವಾ 25 ವರ್ಷ ಸೇವೆಯಾದರೆ ಯಾವ ವಯಸ್ಸಿನಲ್ಲಾದರೂ, ಪೂರ್ಣ ಹಕ್ಕಿನೊಂದಿಗೆ ನಿವೃತ್ತರಾಗಬಹುದು. 57ಕ್ಕೆ ಕಡ್ಡಾಯ ನಿವೃತ್ತಿ. ಸಾಮಾನ್ಯ ನೌಕರನಿಗೆ ಪ್ರತಿ ವರ್ಷದ ಸೇವೆಗೆ ಅತಿ ಹೆಚ್ಚು ಸಂಬಳದ ಮೂರು ವರ್ಷಗಳ ಸರಾಸರಿಯ ಶೇ 1 ಪಿಂಚಣಿಯಾದರೆ, ಇವರಿಗೆ ಮೊದಲ 20 ವರ್ಷಕ್ಕೆ ಶೇ 1.7, ಆಮೇಲೆ ಶೇ 1. ಹಾಗಾಗಿ 25 ವರ್ಷಕ್ಕೆ ಸಾಮಾನ್ಯ ನೌಕರನ ಲೆಕ್ಕ 25 ಆದಲ್ಲಿ ಅಗ್ನಿಶಾಮಕನದು 39. ಇದಕ್ಕೆ ಪ್ರತಿಯಾಗಿ ಅವರ ಸಂಬಳದಿಂದ ಅರ್ಧ ಶೇಕಡಾ ಹೆಚ್ಚು ವಂತಿಗೆ ಕಡಿತವಾಗುತ್ತದೆ. ಅಪಾಯದ ವರ್ಷಗಳಿಗೆ ಹೆಚ್ಚು ತೂಕ ಕೊಡುವುದು ಅಂದರೆ ಇದು. ನಮ್ಮಲ್ಲೂ ಅಗ್ನಿಪಥಕ್ಕೆ ಮುಂಚೆ ಸೇರಿದ ಸೈನಿಕರಿಗೆ 15 ವರ್ಷದ ಸೇವೆಗೇ ಪಿಂಚಣಿ ಇದೆ, ಎನ್‌ಪಿಎಸ್‌ನಿಂದ ಸೇನೆಯನ್ನು ಹೊರಗಿಟ್ಟದ್ದೂ ದೇಹದ ವಯಸ್ಸನ್ನು ಗಮನಿಸಿಯೇ.

ಅಲ್ಲಿನ ಕಾಡ್ಗಿಚ್ಚು ನಂದಿಸುವವರ ಸಂಬಳದ ಇತಿಹಾಸ ಇನ್ನೂ ಹತ್ತಿರದ ಪಾಠ. ಬಹಳ ವರ್ಷ ಅವರ ಹುದ್ದೆಯ ಹೆಸರು ‘ಫಾರೆಸ್ಟ್ರಿ ಟೆಕ್ನಿಶಿಯನ್’. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ವರ್ಷಕ್ಕೆ 20,000 ಡಾಲರ್ ಅಥವಾ ಮೂಲ ಸಂಬಳದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೆಚ್ಚುವರಿ ಹಣ ಕೊಟ್ಟರು. ಅದು ತಾತ್ಕಾಲಿಕ, ಪಿಂಚಣಿಗೆ ಲೆಕ್ಕವಿಲ್ಲ. ಹಣ ಮುಗಿಯುವ ದಿನಾಂಕ ಹತ್ತಿರ ಬಂದಾಗಲೆಲ್ಲ ಆತಂಕ, ಅಲ್ಪಾವಧಿ ವಿಸ್ತರಣೆ. ಕೊನೆಗೆ 2025ರ ಮಾರ್ಚ್‌ನಲ್ಲಿ ಮೂಲ ಸಂಬಳವನ್ನೇ ಕಾಯಂ ಆಗಿ ಏರಿಸಿದರು, ತೀರಾ ಕೆಳಗಿನ ದರ್ಜೆಗೆ ಶೇ 42, ಮೇಲಕ್ಕೆ ಹೋದಂತೆ ಇಳಿಯುತ್ತ ಅತಿ ಮೇಲಿನ ದರ್ಜೆಗೆ ಶೇ 1.5. ಬೋನಸ್ ಹೋಗಿ ಮೂಲ ವೇತನ ಬಂತು, ಕೆಳಗಿನವರಿಗೆ ಹೆಚ್ಚು ಬಂತು. ಈ ಎರಡನ್ನೂ ನಾವು ಹಾಗೆಯೇ ಎತ್ತಿಕೊಳ್ಳಬಹುದು.

ಬಿಡಬೇಕಾದದ್ದೂ ಇದೆ. ಅಲ್ಲಿ ಸೇನಾ ನೆಲೆಗಳಲ್ಲಿರುವ ಫೆಡರಲ್ ಅಗ್ನಿಶಾಮಕರು 24 ಗಂಟೆ ಪಾಳಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 72 ಗಂಟೆ ದುಡಿಯುತ್ತಾರೆ, ಆದರೆ ಪಿಂಚಣಿಯ ಸರಾಸರಿಗೆ ಸೇರುವುದು 53 ಗಂಟೆಯ ಸಂಬಳ. ಪ್ರತಿ ವಾರ ತಪ್ಪದೆ ಮಾಡುವ ಉಳಿದ 19 ಗಂಟೆ ಓವರ್‌ಟೈಮ್ ಎಂಬ ಹೆಸರಿನಲ್ಲಿ ಹೊರಗೇ ಉಳಿಯುತ್ತದೆ. ಕಾಡ್ಗಿಚ್ಚಿನ ಹಂಗಾಮಿ ಕೆಲಸಗಾರರಾಗಿ ದುಡಿದ ವರ್ಷಗಳು 1989ರಿಂದೀಚಿನವಾದರೆ ಹಣ ಕಟ್ಟಿ ಸೇವೆಗೆ ಸೇರಿಸಿಕೊಳ್ಳಲೂ ಅವಕಾಶವಿಲ್ಲ. ನಮ್ಮಲ್ಲಿ ಗುತ್ತಿಗೆಯ ಮೇಲೆ ಚಾಲಕರನ್ನೋ ಸಿಬ್ಬಂದಿಯನ್ನೋ ತೆಗೆದುಕೊಳ್ಳುವ ಮಾತು ಬಂದಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಆ ವರ್ಷಗಳು ಪಿಂಚಣಿಗೆ ಅರ್ಹ ಸೇವೆಯಲ್ಲಿ ಸೇರುತ್ತವೆಯೇ ಎಂದು ನೇಮಕಾತಿ ಆದೇಶದಲ್ಲೇ ಬರೆಸದಿದ್ದರೆ ಆಮೇಲೆ ಕೋರ್ಟಿಗೆ ಅಲೆಯುವುದೊಂದೇ ಉಳಿಯುತ್ತದೆ.

ರೋಗ ಯಾರದು ಎಂಬ ಪ್ರಶ್ನೆ

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೋಮಾಕ್ಕೆ (ಹೆಚ್ಚಾಗಿ ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್) ಸಾಕ್ಷ್ಯ ಸಾಕಷ್ಟಿದೆ ಎಂದಿತು. ಹೆಚ್ಚಿನವರು ಅಪಾಯ ಬೆಂಕಿ ಉರಿಯುವಾಗಷ್ಟೇ ಎಂದುಕೊಳ್ಳುತ್ತಾರೆ. ಬೆಂಕಿ ಆರಿದ ಮೇಲೆ ಅವಶೇಷ ಕೆದಕಿ ಕಿಡಿ ಹುಡುಕುವ ಒಂದೆರಡು ಗಂಟೆ ಇದೆಯಲ್ಲ, ಅಲ್ಲೂ ಅಪಾಯವಿದೆ. ಹೊಗೆ ತೆಳುವಾಗಿದೆ, ಸೆಖೆಯಾಗಿದೆ, ಸಿಲಿಂಡರ್ ಖಾಲಿಯಾಗಿದೆ ಎಂದು ಮುಖಗವಸು ತೆಗೆದಿಡುವುದು ಆಗಲೇ. ಫೋಮ್ ಮತ್ತು ನೈಲಾನ್ ಬೂದಿಯಿಂದ ಸಯನೈಡ್ ಅನಿಲ, ಪಿವಿಸಿಯಿಂದ ಆಮ್ಲದ ಆವಿ, ಕಾರ್ಬನ್ ಮಾನಾಕ್ಸೈಡ್ ಇನ್ನೂ ಹೊರಬರುತ್ತಿರುತ್ತವೆ. ಮಸಿ ಹಿಡಿದ ಕೋಟನ್ನು ಅದೇ ವಾಹನದ ಸೀಟಿನ ಮೇಲೆ ಹಾಕಿಕೊಂಡು ಬಂದರೆ ಆ ಮಸಿ ಠಾಣೆಗೂ ಮನೆಗೂ ಬರುತ್ತದೆ.

ಇಪ್ಪತ್ತು ವರ್ಷದ ನಂತರ ರೋಗ ಕಾಣಿಸಿಕೊಂಡಾಗ ನಿಯಮ ಕೇಳುವುದು ಒಂದೇ ಪ್ರಶ್ನೆ: ಇದು ಸೇವೆಯಿಂದಲೇ ಉಂಟಾದದ್ದೋ, ಸೇವೆಯಿಂದ ಉಲ್ಬಣಿಸಿದ್ದೋ, ತೋರಿಸಿ. ತೋರಿಸುವ ಹೊಣೆ ರೋಗಿಯ ಮೇಲೆ, ಅವನು ತೀರಿಕೊಂಡಿದ್ದರೆ ಹೆಂಡತಿಯ ಮೇಲೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಫೆಡರಲ್ ಅಗ್ನಿಶಾಮಕರ ಮಟ್ಟಿಗೆ ಈ ಹೊಣೆಯನ್ನು ತಿರುಗಿಸಿದರು. ಒಟ್ಟು 5 ವರ್ಷ ಬೆಂಕಿಯ ಕೆಲಸ ಮಾಡಿದವರಿಗೆ, ಕೊನೆಯ ಕರ್ತವ್ಯದಿಂದ 10 ವರ್ಷದೊಳಗೆ ಪಟ್ಟಿಯಲ್ಲಿರುವ ಕ್ಯಾನ್ಸರ್ ಅಥವಾ ಶ್ವಾಸಕೋಶದ ರೋಗ ಬಂದರೆ ಅದು ಕೆಲಸದಿಂದ ಬಂದದ್ದೇ ಎಂದು ಮೊದಲೇ ಒಪ್ಪಿಕೊಳ್ಳುತ್ತಾರೆ. ಇಂಥ ಒಂದು ಪುಟದ ತಿದ್ದುಪಡಿ ನಮ್ಮ ಪಿಂಚಣಿ ನಿಯಮಗಳಿಗೆ ಬರಬೇಕು. ಅದರ ಖರ್ಚು ದೊಡ್ಡದಲ್ಲ, ಅದು ಉಳಿಸುವ ಅಲೆದಾಟ ದೊಡ್ಡದು.

ಆ ತಿದ್ದುಪಡಿ ಬರುವವರೆಗೆ ಠಾಣೆಯ ಮಟ್ಟದಲ್ಲೇ ಆಗಬೇಕಾದದ್ದು ದಾಖಲೆ. ಕರೆಯ ವಹಿಯಲ್ಲಿ ವಾಹನದ ಸಂಖ್ಯೆ, ಹೊರಟ ಹೊತ್ತು, ಮರಳಿದ ಹೊತ್ತು ಇರುತ್ತದೆ; ಒಳಗೆ ಯಾರು ಹೋದರು, ಎಷ್ಟು ನಿಮಿಷ, ಉರಿದದ್ದು ಏನು, ಕೆದಕುವಾಗ ಮುಖಗವಸು ಇತ್ತೇ ಎಂಬುದು ಇರುವುದಿಲ್ಲ. ವ್ಯಕ್ತಿವಾರು ಒಂದು ವಹಿ ಇಟ್ಟು ಇಷ್ಟನ್ನೇ ಬರೆದು, ಅದೇ ದಿನ ಠಾಣಾಧಿಕಾರಿಯ ಸಹಿ ಹಾಕಿಸಿ, ವರ್ಷಕ್ಕೊಮ್ಮೆ ಅದರ ಪ್ರತಿಯನ್ನು ಸೇವಾ ವಹಿಗೆ ಲಗತ್ತಿಸಬೇಕು. ಸೇವೆಗೆ ಸೇರಿದ ವರ್ಷವೇ ಶ್ವಾಸಕೋಶದ ಪರೀಕ್ಷೆ, ಇಸಿಜಿ, ಶ್ರವಣ ಪರೀಕ್ಷೆ ಮಾಡಿಸಿ ಇಡಬೇಕು. ಮೊದಲು ಹೇಗಿತ್ತು ಎಂಬ ಕಾಗದವಿಲ್ಲದಿದ್ದರೆ ಈಗ ಕೆಟ್ಟಿದೆ ಎಂಬ ಕಾಗದಕ್ಕೆ ವೈದ್ಯಕೀಯ ಮಂಡಳಿಯ ಮುಂದೆ ಬಲವಿರುವುದಿಲ್ಲ. ಎನ್‌ಪಿಎಸ್, ಗುಂಪು ವಿಮೆ, ಉಪದಾನ ಮೂರಕ್ಕೂ ನಾಮನಿರ್ದೇಶನ ಬೇರೆಬೇರೆ. ಮದುವೆಗೆ ಮುಂಚೆ ಅಮ್ಮನ ಹೆಸರು ಬರೆಸಿ ಆಮೇಲೆ ಬದಲಿಸದೆ ಬಿಟ್ಟರೆ ಸಾವಿನ ನಂತರ ಅತ್ತೆ–ಸೊಸೆಯರಿಬ್ಬರೂ ಕಚೇರಿಗೆ ಅಲೆಯಬೇಕಾಗುತ್ತದೆ.

ಸಂಬಳ ಏರಿಸಿದರೆ ಸಾಲದು, ಜನ ಬೇಕು

24 ಗಂಟೆ ಕೆಲಸ, 24 ಗಂಟೆ ಬಿಡುವು ಎಂಬ ಎರಡು ತಂಡದ ಪಾಳಿ ಇದ್ದರೆ ವಾರದ ಸರಾಸರಿ 84 ಗಂಟೆ. ಮೂರು ತಂಡ ಮಾಡಿದರೆ 56, ನಾಲ್ಕು ಮಾಡಿದರೆ 42. ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡರೆ ದಿನವಿಡೀ ಒಂದು ಜಾಗ ತುಂಬಲು 168 ಭಾಗಿಸು 48, ಅಂದರೆ ಮೂರೂವರೆ ಜನ. ರಜೆ, ತರಬೇತಿ, ಅನಾರೋಗ್ಯ ಸೇರಿಸಿದರೆ ನಾಲ್ಕಕ್ಕೂ ಸ್ವಲ್ಪ ಹೆಚ್ಚು. ಆರು ಜನರ ಒಂದು ವಾಹನ ಸದಾ ಸಜ್ಜಾಗಿರಲು ಇಪ್ಪತ್ತೈದು ಮಂದಿ ಬೇಕು. ಎರಡು ತಂಡದಲ್ಲಿ ಹನ್ನೆರಡರಿಂದಲೇ ನಡೆಸುತ್ತಿದ್ದರೆ ಉಳಿದ ಹದಿಮೂರು ಸಂಬಳದ ಉಳಿತಾಯ ಆ ಹನ್ನೆರಡು ಜನರ ನಿದ್ದೆಯಿಂದ, ಬೆನ್ನಿನಿಂದ ಬಂದದ್ದು. ಸಂಬಳದ ಏರಿಕೆ ದುಬಾರಿ ಎನ್ನುವವರು ಈ ಉಳಿತಾಯವನ್ನು ಲೆಕ್ಕದ ಇನ್ನೊಂದು ಬದಿಗೆ ಬರೆಯಬೇಕು.

ವೇತನ ಆಯೋಗದ ಮುಂದೆ ಅಗ್ನಿಶಾಮಕರ ಮನವಿ ಹೋಗುವಾಗ ಅದರಲ್ಲಿ ಸಾಮಾನ್ಯವಾಗಿ ಕಾಣುವುದು ‘ಪ್ರಾಣ ಪಣಕ್ಕಿಟ್ಟು’ ಎಂಬ ಮಾತು ಮತ್ತು ಪೊಲೀಸರೊಂದಿಗೆ ಹೋಲಿಕೆ. ಎರಡೂ ನಿಜ, ಆದರೆ ಆಯೋಗದ ಮೇಜಿನ ಮೇಲೆ ತೂಗುವುದು ಕೋಷ್ಟಕ. ಠಾಣೆವಾರು ಮಂಜೂರಾದ ಹುದ್ದೆ ಮತ್ತು ಭರ್ತಿಯಾದ ಹುದ್ದೆ, ಹಾಜರಿ ವಹಿಯಿಂದ ತೆಗೆದ ವಾರದ ನಿಜವಾದ ಗಂಟೆಗಳು, ವಯೋಮಾನದ ಪ್ರಕಾರ ಬಿಎ ಸೆಟ್ ಹಾಕಿ ಒಳಹೋದ ಸಲಗಳು, ವೈದ್ಯಕೀಯ ಕಾರಣಕ್ಕೆ ಹಗುರ ಕೆಲಸಕ್ಕೆ ಹಾಕಿದವರ ವಯಸ್ಸು, ನಿವೃತ್ತಿಯಾದ ಹತ್ತು ವರ್ಷದೊಳಗೆ ತೀರಿಕೊಂಡವರ ಸಂಖ್ಯೆ ಮತ್ತು ಕಾರಣ. ಈ ಐದು ಕೋಷ್ಟಕ ಜತೆಗಿದ್ದರೆ ‘ಅಗ್ನಿಶಾಮಕ ಸೇವಾ ವೇತನ’, ಐವತ್ತಕ್ಕೆ ನಷ್ಟವಿಲ್ಲದ ನಿವೃತ್ತಿ, ಕೆಲಸದಿಂದಲೇ ಬಂದವೆಂದು ಮೊದಲೇ ಒಪ್ಪುವ ರೋಗಗಳ ಪಟ್ಟಿ ಎಂಬ ಮೂರು ಬೇಡಿಕೆಗೂ ತಲಾ ಒಂದು ಪುಟ ಸಾಕು. ಎಲ್ಲ ಮಾಹಿತಿಯೂ ಠಾಣೆಯ ವಹಿಗಳಲ್ಲಿ, ನೌಕರರ ಸೇವಾ ವಿವರದ ಗಣಕ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿ, ಖಜಾನೆಯ ಪಿಂಚಣಿ ಕಡತಗಳಲ್ಲಿ ಚದುರಿ ಬಿದ್ದಿದೆ. ಬಿಎ ಸೆಟ್ ಲೆಕ್ಕ ಒಂದನ್ನು ಮಾತ್ರ ಹೊಸದಾಗಿ ಬರೆಯಬೇಕು, ಅದನ್ನು ಈ ವರ್ಷವೇ ಶುರು ಮಾಡಿದರೆ ಮುಂದಿನ ಆಯೋಗ ಕೂರುವ ಹೊತ್ತಿಗೆ ನಾಲ್ಕೈದು ವರ್ಷದ ಅಂಕಿ ಕೈಯಲ್ಲಿರುತ್ತದೆ.